ಎಷ್ಟು ಬಿರುಸು, ಎತ್ತ ಕಡೆಗೆ

ಅಹಮದಾಬಾದಿನ ಉತ್ತರದ ತುದಿಯಲ್ಲಿರುವ ಚಾಂದ್‌ಖೇಡಾಕ್ಕೆ ಮೊಟೇರಾ ಒತ್ತಿನ ನೆರೆ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಎತ್ತಿದ್ದು ಅಲ್ಲೇ ಎಂದರೆ ಕನ್ನಡದ ಓದುಗರಿಗೆ ಜಾಗ ಥಟ್ಟನೆ ಗುರುತು ಹತ್ತುತ್ತದೆ. ನನ್ನ ಮನಸ್ಸು ಮಾತ್ರ ಅದೇ ನೆಲದಲ್ಲಿದ್ದ ಹಳೆಯ ಕ್ರೀಡಾಂಗಣಕ್ಕೆ, 1996ರ ನವೆಂಬರಿಗೆ ಓಡುತ್ತದೆ. ಟೆಸ್ಟ್ ಗೆಲ್ಲಲು ದಕ್ಷಿಣ ಆಫ್ರಿಕಾಕ್ಕೆ ಬೇಕಿದ್ದದ್ದು ಬರೀ 170 ರನ್. ಮೈಸೂರಿನ ಜಾವಗಲ್ ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು. ಎದುರಾಳಿಗಳು 105ಕ್ಕೆ ಉದುರಿದರು, ಭಾರತ 64 ರನ್‌ಗಳಿಂದ ಗೆದ್ದಿತು.

ಶ್ರೀನಾಥ್ ಎಂದ ಕೂಡಲೇ ನಮ್ಮ ಬಾಯಿಗೆ ಬರುವುದು ಸ್ಪೀಡು. ಅದು ನಿಜ, ಆದರೆ ಅರ್ಧ ನಿಜ. ಅವರ ಚೆಂಡಿಗೆ ಬ್ಯಾಟುಗಾರರು ಹೆದರುತ್ತಿದ್ದದ್ದು ಅದು ಬಲಗೈ ಆಟಗಾರನತ್ತ ಒಳಕ್ಕೆ ನುಗ್ಗುತ್ತಿದ್ದುದಕ್ಕೆ. ಇದನ್ನೊಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 140 ಕಿ.ಮೀ. ಬಿರುಸಿನ ಚೆಂಡು ಬೌಲರನ ಕೈಬಿಟ್ಟು ಬ್ಯಾಟುಗಾರನನ್ನು ಮುಟ್ಟಲು ಸುಮಾರು ಅರ್ಧ ಸೆಕೆಂಡು. ಅಷ್ಟರಲ್ಲಿ ಅದು ಗಾಳಿಯಲ್ಲಿ ಒಂದು ಗೇಣು ಪಕ್ಕಕ್ಕೆ ಬಾಗಿತು ಎಂದಿಟ್ಟುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಅದು ಪಕ್ಕಕ್ಕೆ ಸರಿಯುತ್ತಿರುವುದು ಗಂಟೆಗೆ ಮೂರೂವರೆ ಕಿ.ಮೀ. ಆಸುಪಾಸಿನಲ್ಲಿ, ಅಂದರೆ ಆರಾಮಾಗಿ ನಡೆಯುವವನಿಗಿಂತಲೂ ನಿಧಾನವಾಗಿ. ಗಾಳಿಯ ತಡೆಯನ್ನು ಬದಿಗಿಟ್ಟು ಎರಡನ್ನೂ ಕೂಡಿಸಿದರೆ ಚೆಂಡಿನ ಒಟ್ಟು ಬಿರುಸು 140ರಿಂದ 140.04ಕ್ಕೆ ಏರುತ್ತದೆ. ಯಾವ ಸ್ಪೀಡ್ ಗನ್ನಿಗೂ ಈ ವ್ಯತ್ಯಾಸ ಕಾಣದು. ದಿಕ್ಕು ಮಾತ್ರ ಸುಮಾರು ಒಂದೂವರೆ ಡಿಗ್ರಿ ತಿರುಗಿದೆ. ಬ್ಯಾಟು ಮತ್ತು ಪ್ಯಾಡಿನ ನಡುವಿನ ಸಂದಿಗೆ ಅಷ್ಟು ಸಾಕು.

ಇಂಗ್ಲಿಷಿನ ಸ್ಪೀಡ್ ಮತ್ತು ವೆಲಾಸಿಟಿ ಎಂಬ ಎರಡು ನಾಮಪದಗಳು ಬೇರೆಯಾಗುವುದು ಈ ಒಂದೂವರೆ ಡಿಗ್ರಿಯಲ್ಲಿ. ಎಷ್ಟು ಬಿರುಸಾಗಿ ಎಂಬುದು ಸ್ಪೀಡ್. ಎಷ್ಟು ಬಿರುಸಾಗಿ, ಎತ್ತ ಕಡೆಗೆ ಎಂಬೆರಡೂ ಸೇರಿದ್ದು ವೆಲಾಸಿಟಿ. ಮೊದಲನೆಯದನ್ನು ತಿಳಿಸಲು ಒಂದು ಸಂಖ್ಯೆ ಸಾಕು, ಎರಡನೆಯದಕ್ಕೆ ಸಂಖ್ಯೆಯ ಜೊತೆಗೆ ಬಾಣದ ಗುರುತೂ ಬೇಕು. ಕರ್ನಾಟಕದ ಪಠ್ಯಪುಸ್ತಕಗಳು ಇವನ್ನು ಜವ ಮತ್ತು ವೇಗ ಎಂದು ಕರೆದಿವೆ. ಜವ ಅದಿಶ, ವೇಗ ಸದಿಶ. ಗುಜರಾತಿ ಮಾಧ್ಯಮದ ಮಕ್ಕಳು ಝಡಪ್ ಮತ್ತು ವೇಗ್ ಎಂದು ಕಲಿಯುತ್ತಾರೆ, ಹಿಂದಿಯವರು ಚಾಲ್ ಮತ್ತು ವೇಗ್ ಎಂದು. ನೌಕರಿಗೆಂದು ಬಂದು ಚಾಂದ್‌ಖೇಡಾದಲ್ಲಿ ನೆಲೆಸಿದ ಕನ್ನಡದ ಮನೆಯ ಮಗುವೊಂದು ಮನೆ, ಬೀದಿ, ಶಾಲೆಗಳ ನಡುವೆ ಮೂರು ನಾಲ್ಕು ಭಾಷೆ ದಾಟುವಾಗಲೂ ವೇಗ ಎಂಬ ಪದ ಜೊತೆಗೇ ಬರುತ್ತದೆ, ಪಾಠದಲ್ಲಿ ಅರ್ಥವೂ ಅದೇ ಇರುತ್ತದೆ. ನಮ್ಮ ಜವ ಮಾತ್ರ ಪಠ್ಯಪುಸ್ತಕದಿಂದ ಆಚೆಗೆ ಹೆಚ್ಚು ಬಂದಿಲ್ಲ. ಹಳ್ಳಿಗಳಲ್ಲಿ ಜವ ಎಂದರೆ ಜವರಾಯ, ಯಮ. ಹಾಗಾಗಿ ದಿನದ ಮಾತಿನಲ್ಲಿ ಎರಡಕ್ಕೂ ವೇಗ ಎಂದೇ ಹೇಳುತ್ತೇವೆ. ವೇಗದ ಮಿತಿ, ವೇಗದ ಬೌಲರ್, ಗಾಳಿಯ ವೇಗ ಎಂಬ ಈ ಮಾತುಗಳಲ್ಲಿ ದಿಕ್ಕಿನ ಸುಳಿವೇ ಇರುವುದಿಲ್ಲ.

ಮಾತಿನ ಈ ರೂಢಿಯ ಬಗ್ಗೆ ನನ್ನ ತಕರಾರಿಲ್ಲ. ದಿಕ್ಕನ್ನು ಲೆಕ್ಕದಿಂದ ಕೈಬಿಡುವ ಯೋಚನೆಯ ಬಗ್ಗೆ ಇದೆ. ನಮ್ಮ ಸುತ್ತ ನಡೆಯುವ ಬಹಳಷ್ಟು ಸಂಗತಿಗಳು, ಅಪಘಾತದಿಂದ ಹಿಡಿದು ಚಂಡಮಾರುತದವರೆಗೆ, ದಿಕ್ಕಿಲ್ಲದೆ ಅರ್ಥವಾಗುವುದೇ ಇಲ್ಲ.

ಚಾಂದ್‌ಖೇಡಾದ ರಸ್ತೆಯಿಂದಲೇ ಶುರುಮಾಡೋಣ. ಇಲ್ಲಿಂದ ವಿಮಾನ ನಿಲ್ದಾಣಕ್ಕೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಆರೇಳು ಕಿ.ಮೀ. ಇದ್ದೀತು. ಆದರೆ ನಡುವೆ ಸಾಬರಮತಿ ಹರಿಯುತ್ತಾಳೆ. ಕಾರು ತಪೋವನ್ ಸರ್ಕಲ್ ಕಡೆಗೆ ಹೋಗಿ, ಭಾಟ್ ದಾಟಿ, ಇಂದಿರಾ ಸೇತುವೆಯ ಮೇಲೆ ನದಿ ದಾಟಿ ನಿಲ್ದಾಣದತ್ತ ತಿರುಗಬೇಕು. ಕಾರು ಓಡಿದ್ದು ದೂರ. ಹೊರಟಲ್ಲಿಂದ ಸೇರಿದಲ್ಲಿಗೆ ಎಳೆದ ನೇರ ಗೆರೆ ಸ್ಥಾನಪಲ್ಲಟ. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ಸರಾಸರಿ ವೇಗ. ಕೊನೆಯ ವಿಮಾನಕ್ಕೆ ಓಡುವವನಿಗೆ ಸ್ಪೀಡೋಮೀಟರಿನ ಮುಳ್ಳು 60ರಲ್ಲಿದ್ದರೆ ಸಮಾಧಾನ. ಆದರೆ ಮೊದಲ ಹತ್ತು ನಿಮಿಷ ಕಾರು ಅವನನ್ನು ವಿಮಾನ ನಿಲ್ದಾಣದ ಕಡೆಗೆ ಒಯ್ದಿದ್ದಕ್ಕಿಂತ ಸೇತುವೆಯ ಕಡೆಗೆ ಒಯ್ದದ್ದೇ ಹೆಚ್ಚು. ಸಂಜೆ ಮನೆಗೆ ಮರಳಿ ಬಂದವನ ಇಡೀ ದಿನದ ಸರಾಸರಿ ವೇಗ ಸೊನ್ನೆ, ಎಷ್ಟೇ ಪೆಟ್ರೋಲು ಉರಿದಿರಲಿ.

2024ರ ಸೆಪ್ಟೆಂಬರ್ 16ರಂದು ಮೊಟೇರಾದಿಂದ ಗಾಂಧಿನಗರಕ್ಕೆ ಮೆಟ್ರೋ ಹೊರಟಿತು. ಚಾಂದ್‌ಖೇಡಾದ ವಿಶ್ವಕರ್ಮ ಕಾಲೇಜು, ತಪೋವನ್ ಸರ್ಕಲ್ ಅದರ ದಾರಿಯಲ್ಲಿವೆ. ಎದುರುಬದುರು ಹಾದುಹೋಗುವ ಎರಡು ರೈಲುಗಳ ಜವ ಒಂದೇ ಇದ್ದರೂ ವೇಗ ತದ್ವಿರುದ್ಧ. ಇದು ಮಕ್ಕಳಿಗೂ ಸುಲಭವಾಗಿ ತಿಳಿಯುತ್ತದೆ. ತಿಳಿಯದೆ ಹೋಗುವುದು ತಿರುವಿನ ಸಂಗತಿ.

ಮುಳ್ಳು ಅಲುಗದಂತೆ 60ರಲ್ಲೇ ಇಟ್ಟುಕೊಂಡು ಬೈಕಿನವನೊಬ್ಬ ತಿರುವು ತೆಗೆದುಕೊಳ್ಳುತ್ತಾನೆ. ಅವನ ಜವ ಬದಲಾಗಿಲ್ಲ, ವೇಗ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ, ಯಾಕೆಂದರೆ ದಿಕ್ಕು ಬದಲಾಗುತ್ತಿದೆ. ವೇಗ ಬದಲಾಗುವ ದರಕ್ಕೇ ವೇಗೋತ್ಕರ್ಷ ಎಂದು ಹೆಸರು, ವೇಗೋತ್ಕರ್ಷಕ್ಕೆ ಬಲ ಬೇಕೇ ಬೇಕು. ಆ ಬಲವನ್ನು ಕೊಡುವುದು ಟೈರು ಮತ್ತು ರಸ್ತೆಯ ನಡುವಿನ ಅಂಗೈಯಗಲದ ಹಿಡಿತ ಮಾತ್ರ. ತಿರುವಿನ ತ್ರಿಜ್ಯ 40 ಮೀಟರ್ ಎಂದಿಟ್ಟುಕೊಂಡರೆ, 60 ಕಿ.ಮೀ.ಯಲ್ಲಿ ಪ್ರತಿ ಸೆಕೆಂಡಿಗೆ ಪಕ್ಕದ ದಿಕ್ಕಿನ ವೇಗ ಸೆಕೆಂಡಿಗೆ ಸುಮಾರು 7 ಮೀಟರಿನಷ್ಟು ಬದಲಾಗಬೇಕು. ಒಳ್ಳೆಯ ಟೈರು ಒಣ ಡಾಂಬರಿನ ಮೇಲೆ ಹೆಚ್ಚುಕಡಿಮೆ ಅಷ್ಟನ್ನೇ ಕೊಡಬಲ್ಲದು. ಮಳೆ ಬಿದ್ದ ರಸ್ತೆಯಲ್ಲಿ ಅದರ ಅರ್ಧಕ್ಕೇ ಹಿಡಿತ ಸೋಲುತ್ತದೆ. ಅದೇ ತಿರುವನ್ನು 30ರಲ್ಲಿ ತೆಗೆದುಕೊಂಡರೆ ಬೇಕಾಗುವುದು 7ರ ಕಾಲುಭಾಗ, ಎರಡಕ್ಕೂ ಕಡಿಮೆ. ಬಿರುಸು ಅರ್ಧವಾದರೆ ಬೇಕಾದ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ‘ನಾನು ಸ್ಪೀಡು ಹೆಚ್ಚಿಸಲೇ ಇಲ್ಲ, ಹೇಗೆ ಜಾರಿತೋ ಗೊತ್ತಿಲ್ಲ’ ಎಂದು ಆಸ್ಪತ್ರೆಯ ಮಂಚದ ಮೇಲೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರು ಜವವನ್ನು ಕಾಪಾಡಿಕೊಂಡರು, ರಸ್ತೆ ಕೇಳಿದ್ದು ವೇಗದ ಲೆಕ್ಕ. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಇದೊಂದನ್ನು ಚಿತ್ರ ಬರೆದು ಕೇಳಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದೇ ಕಾರಣಕ್ಕೆ ಸಾಬರಮತಿಯಿಂದ ಮುಂಬೈಗೆ ಹಾಕುತ್ತಿರುವ 508 ಕಿ.ಮೀ. ಬುಲೆಟ್ ರೈಲಿನ ಹಳಿ ಹಳೆಯ ಹಳಿಯಂತೆ ಊರೂರು ಸುತ್ತಿಕೊಂಡು ಹೋಗಲಾರದು. ಗಂಟೆಗೆ 320 ಕಿ.ಮೀ.ಯಲ್ಲಿ ಓಡುವ ಗಾಡಿಗೆ ತಿರುವಿನ ತ್ರಿಜ್ಯ ಕಿಲೋಮೀಟರುಗಟ್ಟಲೆ ಇರಬೇಕು. ಭೂಮಿ ಸ್ವಾಧೀನಕ್ಕೆ ಹಲವು ವರ್ಷ ಹಿಡಿದದ್ದರ ಹಿಂದೆ ಈ ಭೌತಶಾಸ್ತ್ರವೂ ಇದೆ. ಹೊಲವೊಂದು ಅಡ್ಡ ಬಂದರೆ ಗೆರೆಯನ್ನು ಸುಲಭವಾಗಿ ಬಗ್ಗಿಸಲು ಬರುವುದಿಲ್ಲ.

ಹೆಸರು ಒಂದು ಹೇಳಿ ಅರ್ಥ ಇನ್ನೊಂದು ಇರುವ ಸಂದರ್ಭಗಳು ವಿಜ್ಞಾನದ ಒಳಗೂ ಉಂಟು. ಭೂಮಿಯ ಸೆಳೆತವನ್ನು ತಪ್ಪಿಸಿಕೊಂಡು ಹೋಗಲು ಬೇಕಾದ ಸೆಕೆಂಡಿಗೆ 11.2 ಕಿ.ಮೀ.ಗೆ ಇಂಗ್ಲಿಷಿನವರು ಎಸ್ಕೇಪ್ ವೆಲಾಸಿಟಿ ಎಂದರು, ನಾವು ವಿಮೋಚನಾ ವೇಗ ಎಂದೆವು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ನೆಟ್ಟಗೆ ಮೇಲಕ್ಕೆ ಹಾರಿಸಿದರೂ ಓರೆಯಾಗಿ ಹಾರಿಸಿದರೂ ಬೇಕಾದ ಅಂಕಿ ಅದೇ. ದಿಕ್ಕಿಗೆ ಅಲ್ಲಿ ಕೆಲಸವಿಲ್ಲ, ಹಾಗಾಗಿ ಅದು ನಿಜಕ್ಕೂ ವಿಮೋಚನಾ ಜವ. ಇದಕ್ಕೆ ಇತಿಹಾಸದ ಕಾರಣವಿದೆ. ನ್ಯೂಟನ್ ಲ್ಯಾಟಿನ್ನಿನಲ್ಲಿ ಬರೆಯುವಾಗ ಎರಡಕ್ಕೂ ಒಂದೇ ಪದ ಸಾಕಾಗಿತ್ತು. ಐರ್ಲೆಂಡಿನ ಹ್ಯಾಮಿಲ್ಟನ್ 1840ರ ದಶಕದಲ್ಲಿ ಅದಿಶ, ಸದಿಶಗಳಿಗೆ ಇಂದು ಬಳಸುವ ಇಂಗ್ಲಿಷ್ ಹೆಸರುಗಳನ್ನು ಕೊಟ್ಟರು. ಆ ಶತಮಾನದ ಕೊನೆಯ ಹೊತ್ತಿಗೆ ಗಿಬ್ಸ್ ಮತ್ತು ಹೆವಿಸೈಡ್ ಸದಿಶಗಳ ಗಣಿತವನ್ನು ಬಳಕೆಗೆ ತಂದರು. ಎರಡು ಪದಗಳ ನಡುವಿನ ಗೋಡೆ ಗಟ್ಟಿಯಾದದ್ದು ಆಮೇಲೆ. ಅದಕ್ಕೂ ಮುಂಚಿನ ರೂಢಿಗಳು ಹಾಗೇ ಉಳಿದುಕೊಂಡವು.

ಭೂಮಿಯನ್ನು ಬಿಟ್ಟು ಹೋಗದೆ ಅದರ ಸುತ್ತ ಸುತ್ತುವ ಉಪಗ್ರಹದ ಕತೆ ಬೇರೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೆ ಏರಿತು. ಸುಮಾರು 600 ಕಿ.ಮೀ. ಎತ್ತರದಲ್ಲಿ ಅದರ ಜವ ಸೆಕೆಂಡಿಗೆ ಏಳೂವರೆ ಕಿ.ಮೀ., ಹೆಚ್ಚುಕಡಿಮೆ ಏರಿಳಿತವಿಲ್ಲದೆ. ಆದರೆ ಒಂದು ಸುತ್ತಿಗೆ ಒಂದೂವರೆ ಗಂಟೆಯ ಆಸುಪಾಸು ಹಿಡಿಯುತ್ತಿದ್ದುದರಿಂದ, ಮುಕ್ಕಾಲು ಗಂಟೆಯಲ್ಲಿ ಅದು ತಿರುವುಮುರುವಾಗಿ ಚಲಿಸುತ್ತಿತ್ತು. ಅಂದರೆ ಅಷ್ಟು ಹೊತ್ತಿಗೆ ವೇಗದಲ್ಲಾದ ಬದಲಾವಣೆ ಸೆಕೆಂಡಿಗೆ 15 ಕಿ.ಮೀ. ಅಷ್ಟನ್ನೂ ಮಾಡುವುದು ಭೂಮಿಯ ಸೆಳೆತ, ಒಂದು ತೊಟ್ಟು ಇಂಧನವಿಲ್ಲದೆ. ಇಂಧನ ಸುಟ್ಟು ದಿಕ್ಕು ಬದಲಿಸಬೇಕಾಗಿ ಬಂದಾಗಲೇ ಅದರ ಬೆಲೆ ಗೊತ್ತಾಗುವುದು. ಉಪಗ್ರಹದ ಕಕ್ಷೆಯನ್ನು 60 ಡಿಗ್ರಿ ವಾಲಿಸಬೇಕೆಂದರೆ, ಜವ ಸ್ವಲ್ಪವೂ ಹೆಚ್ಚಾಗದಿದ್ದರೂ, ಮತ್ತೊಂದು ಏಳೂವರೆ ಕಿ.ಮೀ.ಯ ತಳ್ಳು ಬೇಕು. ಶ್ರೀಹರಿಕೋಟಾದಿಂದ ಧ್ರುವಕಕ್ಷೆಗೆ ಹೊರಡುವ ಪಿಎಸ್ಎಲ್‌ವಿ ರಾಕೆಟ್ಟು ಶ್ರೀಲಂಕಾದ ಮೇಲೆ ಹಾರಬಾರದೆಂದು ಮೊದಲು ಆಗ್ನೇಯಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಆ ತಿರುವಿಗೆ ತೆರುವ ಸುಂಕವೆಂದರೆ ಹೊರಬಹುದಾದ ಉಪಗ್ರಹದ ತೂಕ ಕಡಿಮೆಯಾಗುವುದು. ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಕುಲಶೇಖರಪಟ್ಟಿಣಂನಲ್ಲಿ 2024ರ ಫೆಬ್ರವರಿಯಲ್ಲಿ ಎರಡನೆಯ ಉಡಾವಣಾ ಕೇಂದ್ರಕ್ಕೆ ಅಡಿಗಲ್ಲು ಹಾಕಿದ್ದು, ಸಣ್ಣ ರಾಕೆಟ್ಟುಗಳು ಅಲ್ಲಿಂದ ನೇರ ದಕ್ಷಿಣಕ್ಕೆ ಹಾರಬಹುದೆಂಬ ಕಾರಣಕ್ಕೆ.

ಆರ್ಯಭಟದ ಹಿಂದಿದ್ದ ಉಡುಪಿ ರಾಮಚಂದ್ರ ರಾವ್ ದಿಕ್ಕಿನ ಮಹತ್ವ ಕಲಿತದ್ದು ಅಹಮದಾಬಾದಿನಲ್ಲಿ. ಅದಮಾರಿನಲ್ಲಿ ಹುಟ್ಟಿ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದ ಅವರು 1950ರ ದಶಕದಲ್ಲಿ ವಿಕ್ರಮ್ ಸಾರಾಭಾಯಿ ಅವರ ಶಿಷ್ಯರಾಗಿ ಭೌತ ಸಂಶೋಧನಾ ಪ್ರಯೋಗಾಲಯಕ್ಕೆ, ಪಿಆರ್‌ಎಲ್‌ಗೆ, ಸೇರಿದರು. 1947ರ ನವೆಂಬರಿನಲ್ಲಿ ಶುರುವಾದ ಸಂಸ್ಥೆ ಅದು. ಸಾರಾಭಾಯಿ ಯುದ್ಧಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನ ಆರಂಭಿಸಿದವರು. ಅಹಮದಾಬಾದಿನ ಸಾರಾಭಾಯಿ ಬೆಂಗಳೂರಿನಲ್ಲಿ ಹಿಡಿದ ವಿಷಯವನ್ನು ಉಡುಪಿಯ ಹುಡುಗ ಅಹಮದಾಬಾದಿಗೆ ಹೋಗಿ ಕಲಿತ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಸ್ಪೀಡ್ ಮತ್ತು ವೆಲಾಸಿಟಿಯ ನಡುವಿನ ಅಂತರ ಕಾಣಲು ವಿಶ್ವಕಿರಣಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಹೊರಗಿನ ಬಾಹ್ಯಾಕಾಶದಿಂದ ಬರುವ ಈ ಕಣಗಳಲ್ಲಿ ಬಹುಪಾಲು ಪ್ರೋಟಾನುಗಳು. ಹೆಚ್ಚಿನವುಗಳ ಬಿರುಸು ಬೆಳಕಿನ ಬಿರುಸಿಗೆ, ಸೆಕೆಂಡಿಗೆ 3 ಲಕ್ಷ ಕಿ.ಮೀ.ಗೆ, ತೀರಾ ಸಮೀಪ. ಎಲ್ಲವೂ ಸರಿಸುಮಾರು ಒಂದೇ ಜವದಲ್ಲಿ ಬರುವಾಗ ಜವ ಅಳೆದು ತಿಳಿಯುವುದು ಕಡಿಮೆ. ಕೇಳಬೇಕಾದದ್ದು ಯಾವ ಕಡೆಯಿಂದ ಬಂದಿರಿ ಎಂದು. ಅಷ್ಟಕ್ಕೇ ಮುಗಿಯುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಚಲಿಸುವ ಕಣವನ್ನು ಯಾವಾಗಲೂ ಅದರ ದಾರಿಗೆ ಅಡ್ಡವಾಗಿ ತಳ್ಳುತ್ತದೆ, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಹಾಗಾಗಿ ಕಣದ ಜವ ಎಳ್ಳಷ್ಟೂ ಬದಲಾಗದೆ ವೇಗ ಮಾತ್ರ ಬದಲಾಗುತ್ತ ಹೋಗುತ್ತದೆ. ದಾರಿ ಬಾಗುತ್ತದೆ, ಕೆಲವೊಮ್ಮೆ ಸುತ್ತಿ ಸುತ್ತಿ ಬಾಗುತ್ತದೆ. ಪೂರ್ವಕ್ಕಿಂತ ಪಶ್ಚಿಮದಿಂದ ಹೆಚ್ಚು ಕಣಗಳು ಬರುತ್ತವೆ ಎಂದು 1930ರ ದಶಕದಲ್ಲಿ ಕಂಡುಬಂದಾಗ, ಬರುವ ಕಣಗಳಲ್ಲಿ ಹೆಚ್ಚಿನವಕ್ಕೆ ಧನ ವಿದ್ಯುದಂಶವಿದೆ ಎಂದು ಗೊತ್ತಾದದ್ದು ಈ ಬಾಗುವಿಕೆಯಿಂದಲೇ.

ಪಿಆರ್‌ಎಲ್‌ನಲ್ಲಿ ದಿಕ್ಕು ಹಿಡಿಯಲು ಬಳಸಿದ ದೂರದರ್ಶಕಗಳಲ್ಲಿ ಮಸೂರವಿಲ್ಲ, ಕನ್ನಡಿಯಿಲ್ಲ. ಗೈಗರ್ ಕೊಳವೆಗಳನ್ನು ಒಂದರ ಮೇಲೊಂದು ಸಾಲಾಗಿ ಇಟ್ಟು, ಎಲ್ಲ ಸಾಲುಗಳೂ ಏಕಕಾಲಕ್ಕೆ ಮಿಡಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಆಗ ಆ ಸಾಲುಗಳ ನೇರಕ್ಕೆ ತೂರಿಬಂದ ಕಣವಷ್ಟೇ ಎಣಿಕೆಗೆ ಸಿಗುತ್ತದೆ. ನೆಲಕ್ಕೆ ಕಟ್ಟಿದ ಈ ಉಪಕರಣವನ್ನು ಭೂಮಿಯೇ ದಿನಕ್ಕೊಂದು ಸಲ ತಿರುಗಿಸುತ್ತದೆ. ಆಕಾಶದ ಒಂದು ಕಡೆಯಿಂದ ಕಣಗಳು ಹೆಚ್ಚು ಬರುತ್ತಿದ್ದರೆ ದಿನದ ಒಂದು ಹೊತ್ತಿನಲ್ಲಿ ಎಣಿಕೆ ತುಸು ಏರಬೇಕು. ಏರುತ್ತಿತ್ತು, ಶೇಕಡಾ ಒಂದಕ್ಕೂ ಕಡಿಮೆ. ಅಷ್ಟು ಸಣ್ಣ ಏರಿಳಿತವನ್ನು ತಿಂಗಳುಗಟ್ಟಲೆ ಎಣಿಸಿ ಹಿಡಿಯುವ ತಾಳ್ಮೆಯೇ ಆ ಪ್ರಯೋಗಾಲಯದ ಬಂಡವಾಳವಾಗಿತ್ತು. 1960ರಲ್ಲಿ ಪಿಎಚ್‌ಡಿ ಮುಗಿಸಿ ಅಮೆರಿಕದ ಎಂಐಟಿಗೆ ಹೋದ ರಾವ್, ಅಲ್ಲಿ ಮೆಕ್ರಾಕೆನ್ ಮೊದಲಾದ ಸಂಶೋಧಕರ ಜೊತೆ ಸೇರಿ ಈ ಕೆಲಸವನ್ನು ತಿರುವಿ ಹಾಕಿದರು. ಭೂಮಿಯ ಮೇಲಿನ ಒಂದು ಕೇಂದ್ರಕ್ಕೆ ಬಂದು ಬಿದ್ದ ಕಣ, ಕಾಂತಕ್ಷೇತ್ರ ಬಾಗಿಸುವುದಕ್ಕೆ ಮೊದಲು ಯಾವ ದಿಕ್ಕಿನಿಂದ ಹೊರಟಿತ್ತು ಎಂದು ಕಂಪ್ಯೂಟರಿನಲ್ಲಿ ಹಿಮ್ಮುಖವಾಗಿ ಲೆಕ್ಕ ಹಾಕುವುದು. ಬೇರೆ ಬೇರೆ ದೇಶಗಳ ಕೇಂದ್ರಗಳ ಎಣಿಕೆಯನ್ನು ಹೋಲಿಸಿ ನೋಡಲು ಇದರಿಂದ ದಾರಿಯಾಯಿತು. ಶುಕ್ರದತ್ತ 1962ರಲ್ಲಿ ಹೊರಟ ಮ್ಯಾರಿನರ್-2 ನೌಕೆಯ ಅಳತೆಗಳ ಮೇಲೂ ಅವರು ಕೆಲಸ ಮಾಡಿದರು. ಸೂರ್ಯನಿಂದ ಹೊರಮುಖವಾಗಿ ಕಣಗಳ ಗಾಳಿ ಬಿಡುವಿಲ್ಲದೆ ಬೀಸುತ್ತದೆ, ಅದು ಬಿರುಸಾದಂತೆ ಭೂಮಿಯ ಕಾಂತಕ್ಷೇತ್ರ ಹೆಚ್ಚು ಕದಡುತ್ತದೆ ಎಂಬುದು ಅಲ್ಲಿ ತಿಳಿದ ವಿಷಯ.

ಸೂರ್ಯನ ಗಾಳಿಯಿಂದ ನಮ್ಮ ಗಾಳಿಗೆ ಇಳಿಯೋಣ. ಜನವರಿ 14ರ ಉತ್ತರಾಯಣದ ದಿನ ಅಹಮದಾಬಾದಿನ ತಾರಸಿ ಹತ್ತಿದವರಿಗೆ ಗಾಳಿ ಎಷ್ಟು ಎಂಬುದರ ಜೊತೆಗೆ ಎತ್ತಣದ್ದು ಎಂಬುದೂ ಬೇಕು. ಗಾಳಿಪಟದ ಹಬ್ಬದಲ್ಲಿ ತಾರಸಿಯ ಯಾವ ಅಂಚಿಗೆ ನಿಲ್ಲಬೇಕೆಂದು ಹೇಳುವುದು ಅದೇ. ನದಿಯಾಚೆಯ ವಿಮಾನ ನಿಲ್ದಾಣದಲ್ಲೂ ಇದೇ ಲೆಕ್ಕ. ಅಲ್ಲಿನ ಓಡುದಾರಿಯ ಒಂದು ತುದಿಗೆ 05, ಇನ್ನೊಂದಕ್ಕೆ 23 ಎಂದು ಬರೆದಿದೆ. ಕಾಂತೀಯ ಉತ್ತರದಿಂದ ಎಣಿಸಿದರೆ ಸುಮಾರು 50 ಮತ್ತು 230 ಡಿಗ್ರಿ ಎಂದು ಅರ್ಥ. ಗಾಳಿಗೆ ಎದುರಾಗಿ ಏರಿದರೆ ರೆಕ್ಕೆಯ ಮೇಲೆ ಹಾಯುವ ಗಾಳಿ ಹೆಚ್ಚುತ್ತದೆ, ನೆಲದ ಮೇಲೆ ಕಡಿಮೆ ಓಡಿ ಮೇಲೇಳಬಹುದು. ಹಾಗಾಗಿ ನೈಋತ್ಯ ಗಾಳಿ ಬೀಸುವಾಗ ವಿಮಾನಗಳಿಗೆ ಒದಗುವುದು 23ರ ದಿಕ್ಕು.

ಸಮುದ್ರದ ಮೇಲೆ ಗಾಳಿಯ ವೇಗ ಅಳೆಯುವ ಉಪಕರಣವನ್ನು ರೂಪಿಸಿದ್ದೂ ಅಹಮದಾಬಾದೇ. ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ತಯಾರಿಸಿದ ಸ್ಕ್ಯಾಟರೋಮೀಟರ್ 2009ರಲ್ಲಿ ಓಷನ್‌ಸ್ಯಾಟ್-2ರ ಜೊತೆ, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1ರ ಜೊತೆ, 2022ರಲ್ಲಿ ಇಒಎಸ್-06ರ ಜೊತೆ ಮೇಲೆ ಹೋಯಿತು. ಕಡಲ ನಡುವೆ ಗಾಳಿಮಾಪಕ ಕಂಬ ನೆಡಲಾಗದು. ಈ ಉಪಕರಣ ಮೇಲಿನಿಂದ ರೇಡಿಯೋ ಅಲೆ ಕಳಿಸಿ, ನೀರಿನ ಮೇಲೆ ಗಾಳಿ ಎಬ್ಬಿಸಿದ ಸಣ್ಣ ಸುಕ್ಕುಗಳಿಂದ ಎಷ್ಟು ಮರಳಿ ಬಂತೆಂದು ನೋಡುತ್ತದೆ. ಗಾಳಿ ಬಿರುಸಾದಷ್ಟೂ ಸುಕ್ಕು ಹೆಚ್ಚು, ಮರಳುವ ಅಲೆಯೂ ಹೆಚ್ಚು. ದಿಕ್ಕು ತಿಳಿಯುವುದು ಹೇಗೆ? ಗಾಳಿಯ ನೇರಕ್ಕೆ ನೋಡಿದಾಗ ಮರಳಿ ಬರುವ ಅಲೆಗೂ ಗಾಳಿಗೆ ಅಡ್ಡವಾಗಿ ನೋಡಿದಾಗ ಬರುವುದಕ್ಕೂ ವ್ಯತ್ಯಾಸವಿದೆ. ಅದಕ್ಕಾಗಿ ತಟ್ಟೆಯಾಕಾರದ ಆಂಟೆನಾ ಗಿರಗಿರನೆ ತಿರುಗುತ್ತ, ಕಡಲಿನ ಒಂದೇ ತುಣುಕನ್ನು ಮುಂದೆ ಸಾಗುವಾಗೊಮ್ಮೆ, ದಾಟಿದ ಮೇಲೊಮ್ಮೆ, ಬೇರೆ ಬೇರೆ ಕೋನಗಳಿಂದ ನೋಡುತ್ತದೆ. ಒಂದೇ ನೋಟದಲ್ಲಿ ಸಿಗುವುದು ಬಿರುಸಿನ ಅಂದಾಜು ಮಾತ್ರ. ದಿಕ್ಕಿಗೆ ಹಲವು ನೋಟ ಬೇಕು.

ಚಂಡಮಾರುತದ ಸುದ್ದಿಯನ್ನು ನಾವು ಓದುವ ರೀತಿ ನನ್ನನ್ನು ಕಾಡುವುದು ಇಲ್ಲಿಯೇ. 2023ರ ಜೂನ್ 6ರಂದು ಅರಬ್ಬಿ ಸಮುದ್ರದಲ್ಲಿ ಹುಟ್ಟಿದ ಬಿಪರ್ಜಾಯ್ ಮೊದಲು ಉತ್ತರಕ್ಕೆ, ಆಮೇಲೆ ಈಶಾನ್ಯದ ಕಡೆಗೆ ಹೊರಳಿ, ಜೂನ್ 15ರ ಸಂಜೆ ಕಚ್ಛದ ಜಖಾವು ಬಂದರಿನ ಬಳಿ ನೆಲ ಮುಟ್ಟಿತು. ಸುಮಾರು ಒಂದು ಲಕ್ಷ ಜನರನ್ನು ಮೊದಲೇ ಬೇರೆಡೆಗೆ ಸಾಗಿಸಲಾಗಿತ್ತು. ಆ ದಿನಗಳಲ್ಲಿ ತಲೆಬರಹಗಳಲ್ಲಿ ಓಡಾಡಿದ್ದು ಗಾಳಿಯ ಬಿರುಸಿನ ಅಂಕಿ. ಚಂಡಮಾರುತದಲ್ಲಿ ಇರುವುದು ಎರಡು ಚಲನೆ. ನಡುಕಣ್ಣಿನ ಸುತ್ತ ಗಾಳಿ ಅಪ್ರದಕ್ಷಿಣೆಯಾಗಿ ಸುತ್ತುತ್ತದೆ. ಇಡೀ ವ್ಯವಸ್ಥೆ ಅದಕ್ಕಿಂತ ಬಹಳ ನಿಧಾನವಾಗಿ ಮುಂದೆ ಸಾಗುತ್ತದೆ. ಸುತ್ತುವ ಗಾಳಿ ಗಂಟೆಗೆ 110, ಮುಂದೆ ಸಾಗುವುದು ಗಂಟೆಗೆ 10 ಕಿ.ಮೀ. ಎಂದು ಸರಳವಾಗಿ ಇಟ್ಟುಕೊಳ್ಳಿ. ಸಾಗುವ ದಾರಿಯ ಬಲಬದಿಯಲ್ಲಿ ಎರಡೂ ಒಂದೇ ದಿಕ್ಕಿಗಿದ್ದು 120 ಆಗುತ್ತದೆ, ಎಡಬದಿಯಲ್ಲಿ ಎದುರುಬದುರಾಗಿ 100. ಈಶಾನ್ಯಕ್ಕೆ ಹೊರಟ ಚಂಡಮಾರುತಕ್ಕೆ ಬಲಬದಿ ಎಂದರೆ ಆಗ್ನೇಯ, ಅಂದರೆ ದ್ವಾರಕೆ, ಜಾಮನಗರಗಳ ಕಡೆ. ಒಂದೇ ಚಂಡಮಾರುತ, ಎರಡು ಬದಿಯ ಊರುಗಳಿಗೆ ಎರಡು ಬಗೆ.

ಬಂದರಿನವರಿಗೆ ಇದು ಹಳೆಯ ತಿಳಿವಳಿಕೆ. ನಮ್ಮ ಬಂದರುಗಳಲ್ಲಿ ಏರಿಸುವ ಎಚ್ಚರಿಕೆ ಸಂಕೇತಗಳಿಗೆ 1ರಿಂದ 11ರವರೆಗೆ ಸಂಖ್ಯೆಗಳಿವೆ. 8, 9, 10 ಮಹಾ ಅಪಾಯದವು. ಸಂಖ್ಯೆ ಏರಿದಂತೆ ಬಿರುಸೂ ಏರುತ್ತದೆ ಎಂದು ಊರಿನವರು ತಿಳಿಯುತ್ತಾರೆ, ಸುದ್ದಿಯಲ್ಲೂ ಹಾಗೆಯೇ ಓದುತ್ತಾರೆ. ಆದರೆ ಈ ಮೂರೂ ಸೂಚಿಸುವ ಚಂಡಮಾರುತದ ಬಿರುಸಿನ ದರ್ಜೆ ಒಂದೇ. 8 ಎಂದರೆ ಬಂದರು ಅದರ ದಾರಿಯ ಎಡಕ್ಕೆ ಬೀಳುತ್ತದೆ, 9 ಎಂದರೆ ಬಲಕ್ಕೆ, 10 ಎಂದರೆ ಬಂದರಿನ ಮೇಲೆಯೋ ತೀರಾ ಪಕ್ಕದಲ್ಲೋ ಹಾಯುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ 5, 6, 7ಕ್ಕೂ ಅದೇ ಕ್ರಮ, ಎಡ, ಬಲ, ನೇರ. ಮಂಗಳೂರಿನಿಂದ ಕಾರವಾರದವರೆಗಿನ ನಮ್ಮ ಕರಾವಳಿಯಲ್ಲೂ ಇದೇ ಸಂಕೇತಗಳು ನಡೆಯುತ್ತವೆ. ಹಗಲು ಕಂಬದ ಮೇಲೆ ಆಕೃತಿಗಳು, ರಾತ್ರಿ ಕೆಂಪು ಬಿಳಿ ದೀಪಗಳು. 8 ಹೋಗಿ 9 ಏರಿತು ಎಂದರೆ ಬಿರುಸು ಅಷ್ಟೇ ಇದ್ದು ದಾರಿ ಹೊರಳಿದೆ, ಊರು ಈಗ ಬಲಬದಿಗೆ ಬಂದಿದೆ ಎಂದು ದೋಣಿಯವರು ಓದಿಕೊಳ್ಳಬೇಕು.